ಕಣ್ಣು ಹೋದತ್ತ ಗಾಡಿ

ಪುಣೆಗೆ ಬಂದಮೇಲೆ ಭಾನುವಾರದ ಬೆಳಗುಗಳಲ್ಲಿ ನನಗೆ ಬೈಕು ಕಲಿಸಿದ್ದು ಮುಳಶಿಯಾಚೆಯ ತಾಮ್ಹಿಣಿ ಘಾಟ್.

ತಿರುವಿನಲ್ಲಿ ಭಯ ಹುಟ್ಟುವುದು ನೋಟದಿಂದ. ಪ್ರಪಾತವನ್ನೇ ನೋಡಿದರೆ ಗಾಡಿಯೂ ಅತ್ತಲೇ ಎಳೆಯುತ್ತದೆ. ತಿರುವು ಮುಗಿಯುವ ಕಡೆ ಕತ್ತು ಹೊರಳಿಸಿದರೆ ಕೈ ತಾನಾಗಿ ಹಿಂಬಾಲಿಸುತ್ತದೆ. ಬ್ರೇಕು, ಗೇರಿನ ಕೆಲಸ ತಿರುವಿಗೆ ಮೊದಲೇ ಮುಗಿಯಬೇಕು. ಎಡಕ್ಕೆ ವಾಲಲು ಎಡ ಹ್ಯಾಂಡಲನ್ನೇ ಮೆಲ್ಲಗೆ ಮುಂದಕ್ಕೆ ಒತ್ತಬೇಕು. ಇದು ಕೈಗೆ ಹತ್ತಲು ಒಂದು ಮಳೆಗಾಲ, ಒಂದು ಚಳಿಗಾಲ ಬೇಕಾಯಿತು.

ಧೈರ್ಯ ಬಂದಂತೆ ಲೆಕ್ಕವೂ ನೆನಪಿರಬೇಕು. ಅದೇ ತಿರುವನ್ನು 30ರ ಬದಲು 60ರ ವೇಗದಲ್ಲಿ ತೆಗೆದುಕೊಂಡರೆ ಟೈರಿನ ಹಿಡಿತಕ್ಕೆ ಬೀಳುವ ಹೊರೆ ಎರಡಲ್ಲ, ನಾಲ್ಕು ಪಟ್ಟು. ಕಾಣುವಷ್ಟು ರಸ್ತೆಯೊಳಗೆ ನಿಲ್ಲಲಾಗುವ ವೇಗವೇ ನನ್ನ ಮಿತಿ.

ಬೈಕಿನಲ್ಲೇ ಊರಿಗೆ ಬರುತ್ತೇನೆಂದರೆ ಅಮ್ಮನಿಗೆ ನಿದ್ದೆಯಿಲ್ಲ. "ನಿಧಾನ ಬಾರೋ" ಎನ್ನುತ್ತಾಳೆ. ಭೌತಶಾಸ್ತ್ರ ಹೇಳುವುದೂ ಅದನ್ನೇ.