ಮುದ್ದೆಯ ಮರ್ಯಾದೆ

ನನ್ನ ಓರಗೆಯವರು ಕೂಡಿದಲ್ಲೆಲ್ಲ ಒಂದು ಮಾತು ಬಂದೇ ಬರುತ್ತದೆ: "ರಾಗಿ ಬಿಟ್ಟೆವು, ರೋಗ ತಂದುಕೊಂಡೆವು." ಈ ಮಾತಿಗೆ ತಲೆದೂಗಲು ನನಗೆ ಮನಸ್ಸಾಗುವುದಿಲ್ಲ.

ನಮ್ಮ ದೇಶದ ಊಟ ಬದಲಾದದ್ದು ನಿಜ. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಲೆಕ್ಕದಂತೆ 1972-73ರಲ್ಲಿ ಹಳ್ಳಿಯ ಭಾರತೀಯನೊಬ್ಬನು ತಿಂಗಳಿಗೆ ಸರಾಸರಿ 15 ಕಿಲೋದಷ್ಟು ಧಾನ್ಯ ಉಣ್ಣುತ್ತಿದ್ದನು. 2022-23ರ ಸಮೀಕ್ಷೆಯಲ್ಲಿ ಅದು 10 ಕಿಲೋಗಿಂತಲೂ ಕೆಳಗಿಳಿದಿತ್ತು. ಆ ವರ್ಷ ಹಳ್ಳಿಯ ಕುಟುಂಬಗಳು ಧಾನ್ಯಕ್ಕಿಂತ ಪಾನೀಯ, ಕುರುಕಲು, ಸಿದ್ಧ ತಿನಿಸುಗಳಿಗೇ ಹೆಚ್ಚು ವೆಚ್ಚ ಮಾಡಿದ್ದವು. ಉಳಿದ ಧಾನ್ಯದಲ್ಲಿಯೂ ರಾಗಿ, ಜೋಳ, ಸಜ್ಜೆಗಳು ಹಿಂದೆ ಸರಿದು ಅಕ್ಕಿ, ಗೋಧಿಗಳು ಮುಂದೆ ಬಂದವು. 1965 ಮತ್ತು 1966ರ ಬರಗಾಲ, ಹಡಗಿನಲ್ಲಿ ಬಂದ ಅಮೆರಿಕದ ಗೋಧಿ, ತರುವಾಯ ಹಸಿರು ಕ್ರಾಂತಿ, ನ್ಯಾಯಬೆಲೆ ಅಂಗಡಿ – ಕಾರಣಗಳನ್ನು ಎಲ್ಲರೂ ಬಲ್ಲರು.

ಆದರೆ ರಾಗಿ ಸೋತದ್ದು ಹೊಲದಲ್ಲಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ತಳಿಗಳನ್ನು ಕೂಡಿಸಿ 'ಇಂಡಾಫ್' ರಾಗಿಯನ್ನು ರೂಪಿಸಿದರು, ಇಳುವರಿ ಹೆಚ್ಚಿತು. ರಾಗಿ ಸೋತದ್ದು ಪಡಸಾಲೆಯಲ್ಲಿ ಮತ್ತು ಅಡುಗೆಮನೆಯಲ್ಲಿ. ನಮ್ಮ ಮನೆಗೆ ನೆಂಟರು ಬಂದರೆ ಅವರ ಎಲೆಗೆ ಅನ್ನ, ಒಳಗಿನವರಿಗೆ ಮುದ್ದೆ. ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ರಾಗಿಯನ್ನು ಗೆಲ್ಲಿಸಿ ಶತಮಾನಗಳೇ ಕಳೆದಿದ್ದರೂ ಊರಿನ ಪಂಕ್ತಿಯಲ್ಲಿ ಅಕ್ಕಿಯೇ ದೊಡ್ಡದು. ಇನ್ನು ದುಡಿಮೆಯ ಮಾತು. ನಮ್ಮ ತಾಯಿಯವರು ಕೋಳಿ ಕೂಗುವ ಮುನ್ನ ಎದ್ದು ಬೀಸುವ ಕಲ್ಲಿನ ಮುಂದೆ ಕೂರುತ್ತಿದ್ದರು. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೂ ಒಲೆಯ ಹೊಗೆಯಲ್ಲಿ ಹತ್ತು ಜನರ ಹಿಟ್ಟು ತೊಳೆಸುವ ಕೆಲಸ ತಪ್ಪಲಿಲ್ಲ. ಅವರ ಅಂಗೈಯ ಜಡ್ಡು ಕಡೆಯವರೆಗೂ ಹೋಗಲಿಲ್ಲ. ದಿನಾಲೂ ಅನ್ನ ಮಾಡುವಷ್ಟು ಅಕ್ಕಿ ಮನೆಗೆ ಬಂದಾಗ ಅವರಿಗಾದ ಸಂತೋಷವನ್ನು ಕಂಡಿದ್ದೇನೆ. ಬಿಟ್ಟು ಕೆಟ್ಟೆವೆಂದು ಹಲುಬುವವರಲ್ಲಿ ಹೆಚ್ಚಿನವರು ಗಂಡಸರೇ. (ಬೀಸುವ ಕಲ್ಲಿನ ಗೂಟ ಹಿಡಿದವರು ಅವರಲ್ಲಿ ಎಷ್ಟು ಮಂದಿಯೋ!)

ಭಾರತದ ಪ್ರಸ್ತಾಪದಂತೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಬಡವರ ಧಾನ್ಯಕ್ಕೆ 'ಸಿರಿ' ಸೇರಿದ್ದು ಸಂತೋಷವೇ. ಬೆಲೆಯೂ ಸಿರಿವಂತರದ್ದೇ ಆಗಿದೆ. ಮೊನ್ನೆ ಮೊಮ್ಮಗಳು ತಂದ 'ರಾಗಿ ಬಿಸ್ಕತ್ತಿ'ನ ಪೊಟ್ಟಣದ ಸಣ್ಣ ಅಕ್ಷರಗಳನ್ನು ಕನ್ನಡಕ ಸರಿಪಡಿಸಿಕೊಂಡು ಓದಿದೆ. ಮೊದಲು ಮೈದಾ, ಆಮೇಲೆ ಸಕ್ಕರೆ, ಎಣ್ಣೆ. ರಾಗಿಯದು ನಾಲ್ಕನೆಯ ಸ್ಥಾನ.