ಸ್ತಂಭಿಸುವ ಯಂತ್ರವೂ ಅನ್ವಯವ್ಯತಿರೇಕವೂ

ಕಾರಣವಿಲ್ಲದೆ ಕಾರ್ಯವು ಹುಟ್ಟದೆಂಬುದನ್ನು ತರ್ಕಶಾಸ್ತ್ರದ ಮೊದಲ ಪಾಠಗಳಲ್ಲಿಯೇ ಬಾಲಕರಿಗೆ ಹೇಳಿಕೊಡುವುದುಂಟು. ಆದರೆ ಮನೆಯ ಯಂತ್ರವೊಂದು ಕೆಟ್ಟು ನಿಂತಾಗ ಈ ಮಾತು ನೆನಪಿಗೆ ಬರುವುದು ವಿರಳ. ಹತ್ತಿರ ಕಂಡುದರ ಮೇಲೆ ದೋಷವನ್ನು ಹೊರಿಸಿ, ಅದನ್ನು ಬದಲಾಯಿಸಿ, ಗುಣವಾಗದಿದ್ದರೆ ಮತ್ತೊಂದನ್ನು ಹಿಡಿಯುತ್ತೇವೆ. ಕಾಕತಾಳೀಯ ನ್ಯಾಯಕ್ಕೆ ಬೇರೆ ನಿದರ್ಶನವು ಬೇಕಾಗಿಲ್ಲ.

ನಮ್ಮ ಮನೆಯಲ್ಲಿ ಕಡತಗಳನ್ನು ಕಾಪಾಡುವ ಸರ್ವರೊಂದುಂಟು. ನನ್ನ ಗುರುಗಳು ತರ್ಕಸಂಗ್ರಹವನ್ನು ಪಾಠ ಹೇಳಿದ ಧ್ವನಿಮುದ್ರಣಗಳು ಅದರಲ್ಲಿವೆ. ಮೂಲದ ಕ್ಯಾಸೆಟ್ಟುಗಳು ಬೂಷ್ಟು ಹಿಡಿದು ಹಾಳಾದುವು, ಗುರುಗಳೂ ಈಗಿಲ್ಲ. ಆ ಯಂತ್ರವು ಕೆಲವು ರಾತ್ರಿಗಳಲ್ಲಿ ಒಂದು ಗಂಟೆಯ ಸುಮಾರಿಗೆ ಸ್ತಬ್ಧವಾಗತೊಡಗಿತು. ಬೆಳಗ್ಗೆ ಗುಂಡಿಯನ್ನೊತ್ತಿ ಬಲವಂತವಾಗಿ ಆರಿಸಿ ಎಬ್ಬಿಸಬೇಕಾಗುತ್ತಿತ್ತು. ಅದನ್ನು ಕಟ್ಟಿಕೊಟ್ಟಿದ್ದ ನನ್ನ ತಂಗಿಯ ಮಗನು, "ಮಾವ, ಹೊಸದನ್ನೇ ಕೊಂಡುಬಿಡೋಣ" ಎಂದನು. ವಿದ್ಯುತ್ತಿನ ಕೆಲಸದವನು ವೋಲ್ಟೇಜನ್ನು ದೂರಿದನು. ನೆರೆಯವರು ಸೆಕೆಯೆಂದರು. ಧ್ವನಿಮುದ್ರಣಗಳ ಪ್ರತಿಯೊಂದನ್ನು ಬೇರೊಂದು ಡಿಸ್ಕಿಗೆ ಇಳಿಸಿ ಅಳಿಯನ ಮನೆಗೆ ಕಳುಹಿಸಿದ ಮೇಲೆಯೇ ನಾನು ಪರೀಕ್ಷೆಗೆ ಕೈಹಾಕಿದೆನು. ರೋಗಿಯ ಪ್ರಾಣವನ್ನು ಕಾದುಕೊಂಡು ಬಳಿಕ ನಿದಾನ ಮಾಡುವುದು ವೈದ್ಯರ ಕ್ರಮವಷ್ಟೆ.

ಇದರ ರಚನೆಯನ್ನು ವಾಚಕರಿಗೆ ಸ್ವಲ್ಪ ಹೇಳಬೇಕು. ಇಲ್ಲಿ ಒಂದೇ ಕಂಪ್ಯೂಟರಿನೊಳಗೆ ಯಜಮಾನನಂತೆ ಒಂದು ತಂತ್ರಾಂಶವಿದ್ದು, ಅದು ತನ್ನೊಳಗೆ ಕಲ್ಪಿತವಾದ ಮತ್ತೊಂದು ಕಂಪ್ಯೂಟರನ್ನು ಅತಿಥಿಯಾಗಿ ಇರಿಸಿಕೊಳ್ಳುತ್ತದೆ. ಕಡತಗಳ ಭಂಡಾರವು ಈ ಅತಿಥಿಯ ವಶದಲ್ಲಿದೆ. ದೊಡ್ಡ ಡಿಸ್ಕುಗಳ ನಿಯಂತ್ರಕವನ್ನು ಅತಿಥಿಗೇ ನೇರವಾಗಿ ಒಪ್ಪಿಸಲಾಗಿದೆ. ಒಟ್ಟು ಮೆಮೊರಿ 16 ಗಿಗಾಬೈಟ್. ಅದರಲ್ಲಿ 12 ಅತಿಥಿಯದು. ರಾತ್ರಿ ಒಂದು ಗಂಟೆಗೆ ಯಜಮಾನನು ಅತಿಥಿಯ ವ್ಯವಸ್ಥೆಯ ಬ್ಯಾಕಪ್ಪನ್ನು ತೆಗೆಯುವನು.

ಸ್ತಬ್ಧವಾದುದು ಯಾರು ಎಂಬುದು ಮೊದಲ ಪ್ರಶ್ನೆ. ಯಂತ್ರವು ನಿಂತಿದ್ದಾಗ ಯಜಮಾನನಿಗೆ ಪಿಂಗ್ ಕಳುಹಿಸಿದರೆ ಉತ್ತರ ಬಂದಿತು. ಒಳಗೆ ಪ್ರವೇಶಿಸಹೋದರೆ ಬಾಗಿಲು ತೆರೆಯಲಿಲ್ಲ. ವಿದ್ಯುತ್ತು ತಪ್ಪಿದ ಅಥವಾ ಪೂರ್ಣವಾಗಿ ಸತ್ತ ಯಂತ್ರವು ಪಿಂಗಿಗೆ ಉತ್ತರಿಸದು. ಆದುದರಿಂದ ಜೀವವಿದೆ, ಕೆಲಸಕ್ಕೆ ಎಡೆಯಿಲ್ಲವೆಂದು ಊಹಿಸಿದೆವು. ಲಾಗನ್ನು ತೆರೆದರೆ ಆ ಹೊತ್ತಿನಿಂದಾಚೆಗೆ ಬರಿಯ ಮೌನ. ಬರೆಯಬೇಕಾದ ಕೈಯೇ ನಿಂತಿದ್ದಮೇಲೆ ಬರೆಯುವವರಾರು? ಲಾಗನ್ನು ಇನ್ನೊಂದು ಕಂಪ್ಯೂಟರಿಗೂ ಹರಿಯುವಂತೆ ಮಾಡಲು, ಮುಂದಿನ ಸಲ ಅದರ ಕೊನೆಯ ಸಾಲುಗಳು ಮೆಮೊರಿಯ ಅಭಾವವನ್ನು ಸೂಚಿಸಿದುವು. ಮೆಮೊರಿಯ ಫಲಕಗಳನ್ನು ಇಡೀ ರಾತ್ರಿ ಪರೀಕ್ಷಿಸಿದರೂ ದೋಷ ಕಾಣಲಿಲ್ಲ.

ಬಳಿಕ ದಿನಕ್ಕೊಂದೇ ಬದಲಾವಣೆಯೆಂದು ನಿಯಮ ಮಾಡಿ, ಪ್ರತಿಯೊಂದನ್ನೂ ಪುಸ್ತಕದಲ್ಲಿ ಬರೆದಿಟ್ಟೆನು. ಬ್ಯಾಕಪ್ ಇಲ್ಲದೆ ಅತಿಥಿಗೆ ಎಷ್ಟು ಕೆಲಸ ಕೊಟ್ಟರೂ ಯಂತ್ರವು ನಿಲ್ಲಲಿಲ್ಲ. ಅತಿಥಿಯನ್ನು ಮಲಗಿಸಿ ಹಳೆಯ ಬ್ಯಾಕಪ್ಪನ್ನೇ ಮತ್ತೆ ನಡೆಸಿದಾಗಲೂ ನಿಲ್ಲಲಿಲ್ಲ. ಎರಡೂ ಕೂಡಿದಲ್ಲಿ ನಿಂತಿತು. ಬ್ಯಾಕಪ್ಪನ್ನು ನಡುಹಗಲಿಗೆ ಸರಿಸಿದಾಗ ನಡುಹಗಲಿನಲ್ಲಿಯೇ ನಿಂತಿತು. ರಾತ್ರಿಯ ವೋಲ್ಟೇಜೆಂಬುದು ಅಲ್ಲಿಗೆ ತೀರಿತು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದಿಲ್ಲ, ಹಸಿಯ ಸೌದೆಯೂ ಸೇರಬೇಕು ಎಂದು ಗುರುಗಳು ಉಪಾಧಿಯನ್ನು ವಿವರಿಸುತ್ತಿದ್ದರು. ಇಲ್ಲಿ ಬ್ಯಾಕಪ್ಪು ಬೆಂಕಿಯಾದರೆ ಹಸಿಸೌದೆ ಯಾವುದು?

ಅದು ಮೆಮೊರಿಯ ಲೆಕ್ಕದಲ್ಲಿ ಸಿಕ್ಕಿತು. ಯಜಮಾನನು ತನ್ನ ಡಿಸ್ಕುಗಳಿಗೆ ಬಳಸುತ್ತಿದ್ದುದು ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ ಹುಟ್ಟಿ 2005ರಲ್ಲಿ ಮುಕ್ತವಾಗಿ ಪ್ರಕಟವಾದ ಜೆಡ್‌ಎಫ್‌ಎಸ್ ಎಂಬ ಪದ್ಧತಿ. ಒಮ್ಮೆ ಓದಿದುದನ್ನು ಅದು ಮೆಮೊರಿಯಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಲಿನಕ್ಸಿನಲ್ಲಿ ಬಹುಕಾಲ ನಡೆದುಬಂದ ರೂಢಿಯಂತೆ ಒಟ್ಟು ಮೆಮೊರಿಯ ಅರ್ಧದವರೆಗೆ, ಎಂದರೆ ನಮ್ಮಲ್ಲಿ 8 ಗಿಗಾಬೈಟ್. ಇತರರಿಗೆ ಬೇಕಾದಾಗ ಬಿಟ್ಟುಕೊಡುವುದಾದರೂ ಎಷ್ಟೋ ವೇಳೆ ಬೇಕಾದಷ್ಟು ಬೇಗ ಬಿಡದು. ಅತಿಥಿಯ 12 ಆದರೋ, ನಿಯಂತ್ರಕವನ್ನು ನೇರವಾಗಿ ಒಪ್ಪಿಸಿದ್ದರಿಂದ, ಮೊದಲೇ ಬಂಧಿತವಾಗಿತ್ತು. ಹನ್ನೆರಡೂ ಎಂಟೂ ಇಪ್ಪತ್ತು, ಚೀಲದಲ್ಲಿದ್ದುದು ಹದಿನಾರು. ಇಬ್ಬರೂ ತಮ್ಮ ತಮ್ಮ ಧರ್ಮವನ್ನೇ ನಡೆಸಿದರು. ಪಾಲು ಮಾತ್ರ ಹೊಂದಲಿಲ್ಲ.

ಯಜಮಾನನ ಸಂಗ್ರಹಕ್ಕೆ 2ರ ಮಿತಿಯನ್ನು ಹಾಕಿ, ಅತಿಥಿಗೆ 10 ಕೊಟ್ಟು, 4ನ್ನು ಬರಿದಾಗಿ ಬಿಟ್ಟೆವು. ಒಂದು ಪಕ್ಷದವರೆಗೆ ಯಂತ್ರವು ನಿಲ್ಲಲಿಲ್ಲ. ಅಷ್ಟರಿಂದ ತೃಪ್ತಿಪಡದೆ, ಅಳಿಯನು ಬೇಡವೆಂದರೂ, ಹಳೆಯ ಪಾಲನ್ನೇ ಮರಳಿ ಇರಿಸಿದೆನು. ಎರಡನೆಯ ರಾತ್ರಿಯೇ ಅದು ಸ್ತಂಭಿಸಿತು. ಹೊಸ ಪಾಲಿಗೆ ತಂದೊಡನೆ ಸರಿಹೋಯಿತು. ಇದ್ದಾಗ ಇರುವುದು, ಇಲ್ಲದಾಗ ಇಲ್ಲದಿರುವುದು, ಎರಡೂ ಕಂಡ ಬಳಿಕವೇ ಕಾರಣವು ಸಿದ್ಧವಾಯಿತೆಂದು ಒಪ್ಪಿದೆನು.

ಹೊಸ ಯಂತ್ರದ ಹಣವು ಉಳಿಯಿತು. ಅದಕ್ಕಿಂತ ಹೆಚ್ಚಾಗಿ, ಹೊಸದರಲ್ಲಿಯೂ ಇದೇ ಪಾಲನ್ನು ಮಾಡಿಕೊಂಡು ಇದೇ ಕಷ್ಟಕ್ಕೆ ಸಿಲುಕುವುದು ತಪ್ಪಿತು. ಅಳಿಯನ ಮನೆಯ ಪ್ರತಿಯನ್ನು ಮಾತ್ರ ಹಿಂದಕ್ಕೆ ತರಿಸಲಿಲ್ಲ. ಇಂತಹ ಭಂಡಾರವನ್ನಿಟ್ಟುಕೊಂಡಿರುವ ಗೃಹಸ್ಥರು ಒಂದು ಪ್ರತಿಯನ್ನು ಬೇರೊಂದು ಸೂರಿನ ಕೆಳಗೆ ಇರಿಸಿ, ಬದಲಾವಣೆಗಳನ್ನು ಬರೆದಿಡಲು ಸಾಮಾನ್ಯ ಪುಸ್ತಕವೊಂದನ್ನು ಯಂತ್ರದ ಬಳಿಯಲ್ಲಿಟ್ಟುಕೊಳ್ಳುವುದು ಲೇಸು.