ಆರು ತಿಂಗಳು ಎದೆಹಾಲೊಂದೇ ಸಾಕು

ನನ್ನ ತವರು ರಾಯಚೂರು, ಕೊಟ್ಟ ಮನೆ ಮಕ್ತಲ್. ಇಂದು ಈ ಊರು ತೆಲಂಗಾಣದ ನಾರಾಯಣಪೇಟೆ ಜಿಲ್ಲೆಗೆ ಸೇರಿದ್ದರೂ ನಮ್ಮ ಮನೆಮಾತು ಕನ್ನಡವೇ. 1993ರ ಮಾಘದಲ್ಲಿ ನನಗೆ ಚೊಚ್ಚಲ ಮಗಳು ಹುಟ್ಟಿದಳು. ಮೊದಲ ಹಳದಿ ಹಾಲು ಕೂಸಿಗೆ ಜೀರ್ಣವಾಗದೆಂದು ಹಿರಿಯರು ಹಿಂಡಿ ಚೆಲ್ಲಿಸಿದರು. ಜೇನು ನಮ್ಮಲ್ಲಿ ವರ್ಜ್ಯ; ಹಾಗಾಗಿ ಮೂರು ದಿನ ಸಕ್ಕರೆ ನೀರು ಹಾಕಿದರು. ಮಕ್ತಲಿಗೆ ಬಂದಮೇಲೆ ವೈಶಾಖದ ಬಿಸಿಲಿಗೆ ದಿನವೂ ನಾಲ್ಕಾರು ಚಮಚ ನೀರು ಕುಡಿಸಿದೆ. ಸೋಸಿ ಕಾಯಿಸಿದ ನೀರಲ್ಲವೇ, ಅದರಿಂದೇನು ಕೇಡು ಎಂಬ ಧೈರ್ಯ ನನ್ನದು. ಕೂಸಿಗೆ ಭೇದಿ ಹತ್ತಿತು. ಕೃಷ್ಣಾ ಸೇತುವೆ ದಾಟಿ ರಾಯಚೂರಿನ ಆಸ್ಪತ್ರೆಗೆ ಒಯ್ಯುವಾಗ ಬಸ್ಸಿನಲ್ಲಿ ನಾನು ಪಟ್ಟ ಸಂಕಟ ಇಂದಿಗೂ ಮರೆತಿಲ್ಲ. ಪುಣ್ಯವಶಾತ್ ಮಗು ಉಳಿಯಿತು.

ಆ ಮಗಳನ್ನೇ ಗದ್ವಾಲಕ್ಕೆ ಕೊಟ್ಟಿದ್ದೇವೆ. ಹೋದ ಬೇಸಿಗೆಯಲ್ಲಿ ಹೆರಿಗೆಗೆ ಬಂದಳು. ಹೆರಿಗೆಯಾದ ಒಂದು ತಾಸಿನೊಳಗೇ ಸಿಸ್ಟರ್ ಕೂಸನ್ನು ಎದೆಗೆ ಹಚ್ಚಿಸಿದರು. ಮನೆಗೆ ಬಂದಮೇಲೆ ನಾನು ನೀರಿನ ಬಟ್ಟಲು ಹಿಡಿದು ಹೋದರೆ, “ಬೇಡಮ್ಮಾ, ಆರು ತಿಂಗಳು ನೀರೂ ಕೊಡಬಾರದಂತೆ” ಎಂದಳು. ನಿನ್ನನ್ನು ಬೆಳೆಸಿದವಳು ನಾನಲ್ಲವೇ ಎಂದು ನೊಂದುಕೊಂಡೆ.

ಮರುವಾರ ಸಿಸ್ಟರ್ ತಿಳಿಸಿ ಹೇಳಿದರು. ತಾಯಿಯ ಹಾಲಿನಲ್ಲಿ ನೂರಕ್ಕೆ ಸುಮಾರು 88 ಪಾಲು ನೀರೇ ಇದೆ. ಮೇಲಿನ ನೀರಿನಿಂದ ಹೊಟ್ಟೆ ತುಂಬಿದರೆ ಕೂಸು ಹಾಲು ಚೀಪುವುದು ಕಡಿಮೆ. ಚೀಪದಿದ್ದರೆ ಹಾಲು ಇಳಿಯುವುದೂ ಕಡಿಮೆ. ನಾವು ಚೆಲ್ಲಿದ ಆ ಹಳದಿ ಹಾಲೇ ಕೂಸಿಗೆ ರೋಗ ತಡೆಯುವ ಮೊದಲ ಮದ್ದು.

ನೋಡಲು ಬಂದ ನಾರಾಯಣಪೇಟೆಯ ನಾದಿನಿ, “ಕೂಸು ಅಳುತ್ತದೆ ವೈನಿ, ಹಾಲು ಸಾಲದು, ಡಬ್ಬಿ ತರಿಸಿರಿ” ಎಂದಳು. ಆಗ ಉತ್ತರ ಕೊಟ್ಟವಳು ನಾನೇ. ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದು, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಹಾಲಿನ ಪುಡಿಯ ಜಾಹೀರಾತನ್ನು ಸರ್ಕಾರ 1992ರ ಕಾಯಿದೆಯಲ್ಲೇ ನಿಷೇಧಿಸಿದೆ.

ಸೋದರಿಯರೇ, ವೈದ್ಯರು ಬರೆದುಕೊಟ್ಟ ಔಷಧಿಯ ಹೊರತು ಆರು ತಿಂಗಳು ಬೇರೇನೂ ಬೇಡ. ಅನಂತರ ಮೆತ್ತನೆಯ ಅನ್ನ, ಬೇಳೆಯ ಜೊತೆಗೆ ಎರಡು ವರ್ಷದವರೆಗಾದರೂ ಎದೆಹಾಲು ಮುಂದುವರಿಯಲಿ. ಹಾಲಿಗೆ ತೊಂದರೆಯಾದರೆ ವೈದ್ಯರನ್ನು ಕೇಳಿರಿ. ಬಾಣಂತಿಗೆ ಹೊತ್ತಿಗೆ ಊಟ, ಕೂಸಿನ ಬಳಿ ಕೂರಲು ಬಿಡುವು ಕೊಡುವುದು ಮನೆಯವರ ಕೆಲಸ. ನಮ್ಮ ಹಿರಿಯರದು ಪ್ರೀತಿಯೇ, ತಿಳಿವಳಿಕೆ ಸಾಲದಾಗಿತ್ತು. ತಿಳಿದ ಮೇಲೂ ಬಟ್ಟಲು ಹಿಡಿದು ನಿಂತರೆ ತಪ್ಪು ನಮ್ಮದು.